ಏಳನೇ ಸ್ವರದ ಮಾಸ್ಟರ್

ಮಾಸ್ಟರ್ ತೀರಿಕೊಂಡ ಮೇಲೆ ತುಮಕೂರಿನ ಗಿಟಾರ್ ಮಂದಿ ಅವರನ್ನು ಮಹಾಗುರು ಎನ್ನತೊಡಗಿದ್ದಾರೆ. ಬದುಕಿದ್ದಾಗ ಇದೇ ಮಂದಿ ಅವರನ್ನು ‘ಇಳಿಕೆ ಮಾಸ್ಟರ್’ ಎಂದು ಆಡಿಕೊಳ್ಳುತ್ತಿದ್ದರು; ಆ ಹೆಸರಿಟ್ಟವರಲ್ಲಿ ನಾನೂ ಒಬ್ಬ. ಮೊನ್ನೆ ನಡೆದ ಸಂತಾಪ ಸಭೆಯಲ್ಲಿ ಒಬ್ಬ ಹಳೆಯ ಶಿಷ್ಯ, “ತಾಯಿ ಮಗೂಗೆ ಅನ್ನ ಕಲಸಿ ತಿನ್ನಿಸ್ದಂಗೆ ಹೇಳ್ಕೊಡೋರು” ಎಂದು ಕಣ್ಣೊರೆಸಿಕೊಂಡ. ಅವನನ್ನು ಮಾಸ್ಟರ್ ಕಿವಿ ಹಿಡಿದು ಮೆಟ್ಟಿಲಿಳಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಿವಿ ಅವನದಾಗಿತ್ತೋ ನನ್ನದಾಗಿತ್ತೋ ಎಂಬುದರಲ್ಲಿ ಮಾತ್ರ ಸ್ವಲ್ಪ ಅನುಮಾನವಿದೆ.

ತೊಂಬತ್ತರ ದಶಕದಲ್ಲಿ ಅವರು ಮಂಡಿಪೇಟೆಯ ಒಂದು ಹಾಸಿಗೆ ಅಂಗಡಿಯ ಮೇಲಿನ ಕೋಣೆಯಲ್ಲಿ ಗಿಟಾರ್ ಕಲಿಸುತ್ತಿದ್ದರು. ಕೆಳಗೆ ಹತ್ತಿ ಹಿಂಜುವ ಬಿಲ್ಲು ಬೆಳಗಿನಿಂದ ಸಂಜೆಯವರೆಗೆ ಟೊಂಯ್ ಟೊಂಯ್ ಎಂದು ಒಂದೇ ಸ್ವರ ಹಿಡಿದಿರುತ್ತಿತ್ತು. ಹತ್ತಿಯ ಎಳೆಗಳು ಮೇಲಕ್ಕೆ ಹಾರಿ ಬಂದು ನಮ್ಮ ಹುಬ್ಬಿನ ಮೇಲೆ ಕೂರುತ್ತಿದ್ದವು. ಸೀನದೆ ಮುಗಿಸಿದ ಪಾಠ ನನಗೆ ನೆನಪಿಲ್ಲ. ಮಾಸ್ಟರ್ ಆ ಬಿಲ್ಲಿನ ಸ್ವರಕ್ಕೇ ಗಿಟಾರನ್ನು ಶ್ರುತಿ ಮಾಡುತ್ತಿದ್ದರು. “ದೊಡ್ಡ ವಿದ್ವಾಂಸರಿಗೆ ತಂಬೂರಿ ಮೀಟೋಕೆ ಹಿಂದೆ ಒಬ್ಬ ಕೂತಿರ್ತಾನೆ. ನಂಗೆ ಕೆಳಗೆ ಕೂತವ್ನೆ” ಎನ್ನುವರು. ಕೆಳಗಿನವನು ಊಟಕ್ಕೆ ಎದ್ದರೆ ಮೇಲೆ ಪಾಠವೂ ನಿಲ್ಲುತ್ತಿತ್ತು.

ಮಾಸ್ಟರಿಗೆ ಆಗಲೇ ಐವತ್ತು ದಾಟಿತ್ತು. ತಿಂಗಳಿಗೊಮ್ಮೆ ಕೂದಲಿಗೆ ಬಳಿಯುತ್ತಿದ್ದ ಕಪ್ಪು ಒಂದು ವಾರ ಕಿವಿಯ ಅಂಚಿನಲ್ಲೂ ಉಳಿದಿರುತ್ತಿತ್ತು. ಬಲಗೈ ಹೆಬ್ಬೆರಳಿನ ಉಗುರನ್ನು ಚಮಚದ ಹಾಗೆ ಬೆಳೆಸಿದ್ದರು. ತಂತಿ ಮೀಟುವುದೂ ಅದರಲ್ಲೇ, ಬಿಸ್ಕತ್ತಿನ ಪೊಟ್ಟಣ ಹರಿಯುವುದೂ ಅದರಲ್ಲೇ, ನಮ್ಮ ನೆತ್ತಿಯ ಮೇಲೆ ಕುಟುಕುವುದೂ ಅದರಲ್ಲೇ. ಮದ್ರಾಸಿನ ರೆಕಾರ್ಡಿಂಗಿಗೆ ಒಮ್ಮೆ ಕರೆ ಬಂದಿತ್ತಂತೆ. ಅಮೃತೂರಿನಲ್ಲಿ ಬಸ್ಸು ಕೆಟ್ಟು ಅವಕಾಶ ತಪ್ಪಿತಂತೆ. ಇನ್ನೊಮ್ಮೆ ಹೇಳುವಾಗ ಬಸ್ಸು ಗುಬ್ಬಿಯಲ್ಲಿ ಕೆಟ್ಟಿತು. ಮದ್ರಾಸಿಗೆ ಹೊರಟವರು ಅಮೃತೂರಿಗೋ ಗುಬ್ಬಿಗೋ ಏಕೆ ಹೋದರು ಎಂದು ಕೇಳುವ ಧೈರ್ಯ ನಮಗಿರಲಿಲ್ಲ.

ಅವರದು ಕುಣಿಗಲ್ಲಿನ ಬ್ಯಾಂಡ್‌ಸೆಟ್ ಮನೆತನ. ತಂದೆ ಮದುವೆ ಮೆರವಣಿಗೆಗಳಲ್ಲಿ ಕ್ಲಾರಿಯೊನೆಟ್ ಊದುತ್ತಿದ್ದವರು. ಗಂಡನ್ನು ಛತ್ರದ ಬಾಗಿಲಿನವರೆಗೆ ಊದಿ ತಲುಪಿಸಬೇಕು, ಬಾಗಿಲಲ್ಲೇ ನಿಲ್ಲಬೇಕು, ಕೊನೆಯ ಪಂಕ್ತಿಯಲ್ಲಿ ಉಣ್ಣಬೇಕು. “ನಮ್ ಅಬ್ಬಾ ನೂರಾರು ಮದುವೆ ನೋಡಿದ್ರು ಕಣಯ್ಯ, ಒಂದ್ರಲ್ಲೂ ಕೂತಿರ್ಲಿಲ್ಲ” ಎಂದು ಮಾಸ್ಟರ್ ಹೇಳುತ್ತಿದ್ದರು. ಇದನ್ನು ಹೇಳುವಾಗ ಮಾತ್ರ ಊರುಗಳ ಹೆಸರು ಬದಲಾಗುತ್ತಿರಲಿಲ್ಲ.

ಇನ್ನು ಆ ಏಳನೇ ಸ್ವರ. ಗಿಟಾರಿನ ಕುತ್ತಿಗೆಯ ಮೇಲೆ ಎರಡು ಲೋಹದ ಪಟ್ಟಿಗಳ ನಡುವಿನ ಜಾಗಕ್ಕೆ ನಾವು ಮನೆ ಎನ್ನುತ್ತಿದ್ದೆವು. ಲೋಕದಲ್ಲಿ ಗಿಟಾರ್ ಹಿಡಿದವರೆಲ್ಲ ಮೊದಲ ವಾರ ಕಲಿಯುವುದು ಮೇಜರ್ ಎಂಬ ಸಪ್ತಕ. ಅದರಲ್ಲಿ ಏಳನೇ ಸ್ವರ ಮೇಲಿನ ‘ಸ’ದ ಪಕ್ಕದ ಮನೆಯಲ್ಲೇ, ಗೋಡೆಗೆ ಗೋಡೆ ಹಚ್ಚಿಕೊಂಡು ಇರುತ್ತದೆ. ನಮ್ಮ ಮಾಸ್ಟರ್ ಕಲಿಸುತ್ತಿದ್ದ ಮೇಜರ್‌ನಲ್ಲಿ ಅದು ಒಂದು ಮನೆ ಕೆಳಕ್ಕೆ ಇಳಿದಿತ್ತು. ನಡುವೆ ಒಂದು ಮನೆ ಖಾಲಿ. ಇದು ತಪ್ಪೆಂದು ಅವರಿಗೆ ಗೊತ್ತಿರಲಿಲ್ಲ. ಅವರಿಗೇ ಗೊತ್ತಿಲ್ಲದ ಮೇಲೆ ನಮಗೆ ಗೊತ್ತಾಗುವುದು ಹೇಗೆ?

ಇದಕ್ಕೆ ಕಾರಣವೇನೆಂದು ಅವರಿಂದಲೇ ಮೂರು ಕಥೆ ಕೇಳಿದ್ದೇನೆ. ಮನೆಯ ಹಾರ್ಮೋನಿಯಂನಲ್ಲಿ ಆ ಸ್ವರದ ಬಿಳಿ ಮನೆ ಸತ್ತುಹೋಗಿತ್ತು, ತಂದೆ “ಅದನ್ನ ಬುಡು, ಪಕ್ಕದ ಕರೀದು ಒತ್ತು” ಎಂದು ಕಲಿಸಿದರು ಎಂಬುದು ಒಂದು. ಅಣ್ಣ ಜಗಳದಲ್ಲಿ ಅದನ್ನು ಕಿತ್ತುಹಾಕಿದ ಎಂಬುದು ಇನ್ನೊಂದು. ಹಾರ್ಮೋನಿಯಮ್ಮೇ ಇರಲಿಲ್ಲ, “ನಮ್ ಕಿವೀಗೆ ಮೇಲಿರೋನು ಕೊಟ್ಟಿದ್ದೇ ಹಂಗೆ” ಎಂಬುದು ಮೂರನೆಯದು. ನಾನು ಮೊದಲನೆಯದನ್ನು ನಂಬಿದ್ದೇನೆ. ಬರೆಯುವುದಕ್ಕೆ ಅದೇ ಚೆನ್ನಾಗಿದೆ.

ಹೀಗೆ ತುಮಕೂರು, ಗುಬ್ಬಿ, ಕುಣಿಗಲ್ಲಿನ ಒಂದು ತಲೆಮಾರಿನ ಗಿಟಾರ್ ಹುಡುಗರು ಒಂದು ಮನೆ ಇಳಿದೇ ಬೆಳೆದರು. ಯಾವ ಆರ್ಕೆಸ್ಟ್ರಾದಲ್ಲಿ ನಿಂತರೂ ಕುಂಟು ನಡಿಗೆಯಿಂದ ಮನೆತನ ಹಿಡಿಯುವ ಹಾಗೆ, “ಓ, ಇವ್ನು ಮಂಡಿಪೇಟೆ ಸರಕು” ಎಂದು ಪತ್ತೆ ಹಚ್ಚುತ್ತಿದ್ದರು. ಸಿನಿಮಾ ಹಾಡುಗಳಲ್ಲಿ ಪಕ್ಕದ ಮನೆಯ ಆ ಇನ್ನೊಂದು ಸ್ವರ ಬಂದೇ ಬರುತ್ತಿತ್ತು. ಮಾಸ್ಟರ್ ಅದನ್ನು ‘ಸಕ್ಕರೆ ಏಳು’ ಎಂದು ಹೀಯಾಳಿಸಿ, ಗುಂಡಿ ಇರುವ ಜಾಗ ಗೊತ್ತಿರುವ ಆಟೋ ಡ್ರೈವರಿನಂತೆ ಪಕ್ಕಕ್ಕೆ ಹೊರಳಿಸಿ ದಾಟಿಬಿಡುತ್ತಿದ್ದರು. ಪಕ್ಕದ ಬೀದಿಯ ಪಿಟೀಲು ವಿದ್ವಾಂಸರೊಬ್ಬರು ಮೆಟ್ಟಿಲಲ್ಲಿ ನಿಂತು ಕೇಳಿ, “ಇದು ನಮ್ಮ ಹರಿಕಾಂಭೋಜಿ ರಾಗ ಅಲ್ಲವೇನ್ರೀ?” ಎಂದರು. “ಹೆಸರು ನೀವೇ ಇಟ್ಕೊಳಿ ಸ್ವಾಮಿ, ಬೆರಳು ನಂದು” ಎಂದು ಮಾಸ್ಟರ್ ಬಾಗಿಲು ಹಾಕಿಕೊಂಡರು.

ಒಂದನ್ನು ಒಪ್ಪಿಕೊಳ್ಳಲೇಬೇಕು, ಮನಸ್ಸಿಲ್ಲದಿದ್ದರೂ. ಆ ತಪ್ಪು ಸಪ್ತಕದೊಳಗೆ, ಮೊದಲೇ ಕೂಡಿಸಿಟ್ಟುಕೊಳ್ಳದೆ ಆ ಹೊತ್ತಿಗೆ ಹೊಳೆದದ್ದನ್ನು ನುಡಿಸುವುದರಲ್ಲಿ ಅವರನ್ನು ಮೀರಿಸಿದವರನ್ನು ನಾನು ಕಂಡಿಲ್ಲ. ಗುಬ್ಬಿಯ ಒಂದು ಛತ್ರದ ಆರತಕ್ಷತೆಗೆ ಮಾಸ್ಟರೂ ನಾನೂ ಆರ್ಕೆಸ್ಟ್ರಾ ಜೊತೆ ಹೋಗಿದ್ದೆವು. ನಮ್ಮ ಹಾಡುಗಾರ ಬಂದಿರಲಿಲ್ಲ. ಮದುವೆ ಹುಡುಗನ ಸೋದರಮಾವ ವೇದಿಕೆಯ ಹತ್ತಿರ ಬಂದು, “ಏನ್ರೀ ಆರ್ಕೆಸ್ಟ್ರಾದೋರು, ಫೋಟೊ ತೆಗೆಸ್ಕೊಳ್ಳೋಕೆ ನಿಂತಿದೀರಾ?” ಎಂದ. ಮಾಸ್ಟರ್ ನನ್ನ ಕಡೆ ತಿರುಗಿ, “ಜಿ ಹಿಡಿ. ಆಮೇಲೆ ಎಫ್. ವಾಪಸ್ ಜಿ. ಮೂರನೇದು ಹಿಡಿದ್ಯೋ, ಕೈ ಮುರೀತೀನಿ” ಎಂದರು.

ಎರಡೇ ಎರಡು ಸ್ವರಗುಚ್ಛಗಳನ್ನು ನಾನು ಮೀಟುತ್ತ ಹೋದೆ. ಅವರು ಬಹಳ ಹೊತ್ತು ಐದನೇ ಸ್ವರದ ಸುತ್ತಲೇ ಓಡಾಡಿದರು. ಆಮೇಲೆ ಏಳಕ್ಕೆ ಬಂದು ನಿಂತರು. ಇನ್ನೇನು ‘ಸ’ ಮುಟ್ಟುತ್ತಾರೆ ಎಂದು ತಟ್ಟೆ ಹಿಡಿದ ಜನ ಕೂಡ ನಿಂತರು. ಇವರು ಮುಟ್ಟಲಿಲ್ಲ, ತಿರುಗಿ ಕೆಳಗಿಳಿದುಬಿಟ್ಟರು. ಮತ್ತೆ ಬಂದರು, ಮತ್ತೆ ಮುಟ್ಟಲಿಲ್ಲ. ಕೊನೆಗೆ ‘ಸ’ಕ್ಕೆ ಕಾಲಿಟ್ಟಾಗ ಆ ಸೋದರಮಾವ ವೇದಿಕೆಯ ಮೆಟ್ಟಿಲ ಮೇಲೆ ಕೂತಿದ್ದ. ಅವನು ಅಳುತ್ತಿದ್ದ ಎಂದು ನಮ್ಮ ತಬಲಾದವನು ಈಗ ಎಲ್ಲ ಕಡೆ ಹೇಳುತ್ತಾನೆ. ಅಳುತ್ತಿರಲಿಲ್ಲ, ಬಾಳೆಹಣ್ಣು ಸುಲಿಯುತ್ತಿದ್ದ. ಆದರೆ ತಿನ್ನುವುದನ್ನು ಮರೆತಿದ್ದ.

ವಾಪಸು ಬರುವಾಗ ಬಸ್ಸಿನಲ್ಲಿ ಮಾಸ್ಟರ್ ನನಗೆ ಪಾಠ ಹೇಳಿದರು. “ಸಕ್ಕರೆ ಏಳು ಐತಲ್ಲ, ಅದಕ್ಕೆ ಮರ್ಯಾದೆ ಇಲ್ಲ. ಸಾ ಕಂಡ ತಕ್ಷಣ ಓಡೋಗಿ ತಬ್ಕೊಳುತ್ತೆ. ನಮ್ದು ಹಂಗಲ್ಲ. ಅಂಗಳದಲ್ಲೇ ನಿಂತ್ಕೊಂಡು ಬರ್ಲಾ ಬ್ಯಾಡ್ವಾ ಅಂತದೆ. ಕರೆದ್ರೆ ಬತ್ತದೆ, ಕರೀದೇ ಇದ್ರೆ ಹಂಗೇ ಹೋಯ್ತದೆ.”

“ನಾನು ನುಡಿಸಿದ್ರೆ ಯಾಕೆ ಹಂಗೆ ಕೇಳಲ್ಲ ಮಾಸ್ಟರ್?”

“ನೀನು ಬಾಯಿ ಮುಚ್ಚಲ್ಲ ಅದಕ್ಕೆ. ಆ ಕಂಡಕ್ಟರ್ ನೋಡ್ಲಾ. ಒಂದ್ಸಲ ಕೂಗ್ತಾನೆ, ಹತ್ತೋರಿಗೆ ಟೈಮ್ ಕೊಡ್ತಾನೆ. ನೀನು ಬರೀ ಕೂಗ್ತೀಯ. ನಿನ್ ಬಸ್ಸಿಗೆ ಯಾವನ್ಲಾ ಹತ್ತಾನೆ?”

ಆ ಕಾಲಕ್ಕೆ ತುಮಕೂರಿನ ಒಂದು ಇಂಗ್ಲಿಷ್ ಶಾಲೆ ಗಿಟಾರ್ ಮೇಷ್ಟ್ರನ್ನು ಹುಡುಕುತ್ತಿತ್ತು. ಮಾಸ್ಟರ್ ಇಸ್ತ್ರಿ ಮಾಡಿದ ಸಫಾರಿ ತೊಟ್ಟು ಹೋಗಿ ಬಂದರು. ಮುಖ್ಯೋಪಾಧ್ಯಾಯಿನಿ ಅವರ ನುಡಿಸಾಣಿಕೆ ಕೇಳಿ ತಲೆದೂಗಿ, ಬೆಂಗಳೂರಿನಲ್ಲಿ ನಡೆಯುವ ವಿದೇಶಿ ಮಂಡಳಿಯ ಪರೀಕ್ಷೆ ಪಾಸು ಮಾಡಿಕೊಂಡು ಬನ್ನಿ, ಸರ್ಟಿಫಿಕೇಟು ಇಲ್ಲದೆ ನಮ್ಮ ಆಡಳಿತ ಮಂಡಳಿ ಒಪ್ಪುವುದಿಲ್ಲ ಎಂದರಂತೆ. ಮಾಸ್ಟರಿಗೆ ಸಂಬಳ ಎಷ್ಟೆಂಬುದು ಕೂಡ ನೆನಪಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಕಿಟಕಿಯ ಪಕ್ಕ ಒಂದು ಖಾಲಿ ಕುರ್ಚಿ ತೋರಿಸಿದ್ದರಂತೆ, ಅದರ ಮಾತೇ ಮಾತು. ಬೆತ್ತದ್ದು, ಕೈ ಇರುವಂಥದ್ದು. “ನಮ್ ಖಾನ್‌ದಾನಲ್ಲಿ ಕೂತ್ಕೊಂಡು ದುಡಿಯೋ ಮೊದಲನೇ ಮನುಷ್ಯ ನಾನೇ” ಎಂದು ಮಂಡಿಪೇಟೆಯಲ್ಲಿ ಕೇಳಿದವರಿಗೂ ಕೇಳದವರಿಗೂ ಹೇಳಿದರು. ಹತ್ತಿಯವನಿಗೆ ಎರಡು ಸಲ ಹೇಳಿದರು.

ಆ ಹೊತ್ತಿಗೆ ನಾನು ಬೆಂಗಳೂರಿನ ಹಳೆ ಪುಸ್ತಕದ ಗಾಡಿಯಲ್ಲಿ ಒಂದು ಗಿಟಾರ್ ಪುಸ್ತಕ ಕೊಂಡು, ಅದನ್ನು ಓದಿ ಮುಗಿಸಿದ ಹೊಸ ಪಂಡಿತನಾಗಿದ್ದೆ. ಒಂದು ಮಧ್ಯಾಹ್ನ, ಕೋಣೆ ತುಂಬ ಹುಡುಗರು ಇರುವಾಗಲೇ, ಆ ಪುಸ್ತಕ ಬಿಚ್ಚಿ ಅವರ ಮುಂದಿಟ್ಟೆ.

“ಮಾಸ್ಟರ್, ನೀವು ಹೇಳ್ಕೊಟ್ಟಿರೋದು ಮೇಜರ್ ಅಲ್ಲ. ಮಿಕ್ಸೊಲಿಡಿಯನ್.”

“ಏನ್ಲಾ ಅದು, ಕೆಮ್ಮಿನ ಔಷಧಿ ಹೆಸರಿದ್ದಂಗಿದೆ.”

“ಸಿ ಮೇಜರ್‌ನ ಅವೇ ಏಳು ಸ್ವರ ಇಟ್ಕೊಂಡು, ಐದನೇದನ್ನ ಸಾ ಅಂದ್ಕೊಂಡು ಹೊರಟ್ರೆ ಸಿಗೋದು ಇದು. ಏಳು ಅದರಲ್ಲಿ ತಾನಾಗೇ ಒಂದು ಮನೆ ಇಳಿದಿರುತ್ತೆ. ನಿಜವಾದ ಮೇಜರ್‌ನಲ್ಲಿ ನೀವು ಸಕ್ಕರೆ ಅಂತೀರಲ್ಲ, ಅದೇ ಏಳು.”

ಹುಡುಗರಲ್ಲಿ ಯಾರೋ ಕಿಸಕ್ಕೆಂದರು. ಮಾಸ್ಟರ್ ಪುಸ್ತಕವನ್ನು ತಿರುಗಿಸಿ, ಮುಚ್ಚಿ, ಹಿಂದಿನ ರಟ್ಟು ನೋಡಿದರು. ಅಲ್ಲಿ ತಿದ್ದುಪಡಿ ಏನಾದರೂ ಇರಬಹುದೆಂದು ಹುಡುಕಿದರೋ ಏನೋ.

“ಪರೀಕ್ಷೇಲಿ ಯಾವುದು ಕೇಳ್ತಾರೆ?”

“ಮೇಜರ್. ಇದನ್ನ ಮರೆತುಬಿಡಿ ಮಾಸ್ಟರ್.”

ಈ ಕೊನೆಯ ಮಾತು ನನ್ನದೇ. ಪುಸ್ತಕದಲ್ಲಿ ಎಲ್ಲೂ ಹಾಗೆ ಬರೆದಿರಲಿಲ್ಲ.

ಎರಡು ತಿಂಗಳು ಅವರು ನನ್ನ ಶಿಷ್ಯರಾಗಿದ್ದರು. ಅವರ ಕಿರುಬೆರಳು ಪ್ರತಿ ಸಲ ಏಳರ ಹತ್ತಿರ ಬಂದಾಗ ಹಳೆಯ ಮನೆಗೇ ಹೋಗಿ ಕೂರುತ್ತಿತ್ತು. ನಾನು ತೋರುಬೆರಳು ಎತ್ತಿ, “ಮೇಲೆ ಮಾಸ್ಟರ್, ಒಂದು ಮನೆ ಮೇಲೆ” ಎನ್ನುತ್ತಿದ್ದೆ. ಅವರು ತಮ್ಮ ಕೈಗೇ ಬೈದುಕೊಂಡು ಮೇಲಕ್ಕೆ ಸರಿಸುತ್ತಿದ್ದರು. ಆ ಎರಡು ತಿಂಗಳು ನನಗೆ ಎಷ್ಟು ಖುಷಿಯಾಗಿತ್ತೆಂದರೆ, ಹೆಬ್ಬೆರಳಿನ ಉಗುರೊಂದು ಬೆಳೆಯುವುದು ಬಾಕಿಯಿತ್ತು. ಅವರಿಗೆ ಜೊತೆಯಾಗಲಿ ಎಂದು ನಾನೂ ಪರೀಕ್ಷೆಗೆ ಹೆಸರು ಕೊಟ್ಟೆ. ಜೊತೆಯಾಗಲಿ ಎಂದೇ ಕೊಟ್ಟೆ ಎಂದು ಬಹಳ ದಿನ ಎಲ್ಲರಿಗೂ ಹೇಳುತ್ತಿದ್ದೆ.

ಬೆಂಗಳೂರಿನ ಪರೀಕ್ಷಾ ಕೇಂದ್ರದಲ್ಲಿ ಬೆಂಚಿನ ಮೇಲೆಲ್ಲ ಹತ್ತು ಹನ್ನೆರಡು ವರ್ಷದ ಮಕ್ಕಳು. ಅಲ್ಲಿನ ಗುಮಾಸ್ತೆ ಮಾಸ್ಟರನ್ನು ನೋಡಿ, “ತಾತ, ಮಗು ಎಲ್ಲಿ?” ಎಂದಳು. “ನಾನೇ ಮಗು ಕಣಮ್ಮ” ಎಂದು ಅವರು ಗಿಟಾರ್ ಎತ್ತಿಕೊಂಡು ಒಳಗೆ ಹೋದರು. ಮುಂದಿನ ಸರದಿ ನನ್ನದು. ಬಾಗಿಲಿನ ನಡುವೆ ಒಂದು ಚೌಕದ ಗಾಜು. ನಾನು ಅದರ ಹೊರಗೆ ನಿಂತೆ.

ಪರೀಕ್ಷಕರು ಜಿ ಮೇಜರ್ ಕೇಳಿದರು. ಮಾಸ್ಟರ್ ಬಾರಿಸಿದರು. ಏಳು ಸರಿಯಾದ ಮನೆಯಲ್ಲೇ ಬಿತ್ತು. ಬೇಡದ ಸಂಬಂಧ ಒಪ್ಪಿಕೊಂಡವರ ಮುಖ ಮಾಡಿಕೊಂಡಿದ್ದರು, ಆದರೆ ತಪ್ಪಲಿಲ್ಲ. ಆಮೇಲೆ ಆ ಹೊತ್ತಿಗೆ ಹೊಳೆದದ್ದನ್ನು ನುಡಿಸುವ ಭಾಗ. ಪರೀಕ್ಷಕರು ಕೀಬೋರ್ಡಿನ ಮೇಲೆ ಎರಡು ಸ್ವರಗುಚ್ಛ ಹಿಡಿದರು. ಜಿ. ಎಫ್. ವಾಪಸ್ ಜಿ.

ಇದರಲ್ಲಿ ಗೊಂದಲವೇ ಇಲ್ಲ. ಜಿ ‘ಸ’ ಆದರೆ ಎಫ್ ಎಂದರೇ ಇಳಿದ ಏಳು. ಮಾಸ್ಟರ್ ಹುಟ್ಟಿದಾಗಿನಿಂದ ವಾಸವಿದ್ದ ಮನೆ ಅದು. ಎರಡು ತಿಂಗಳ ಹಿಂದಾಗಿದ್ದರೆ ನಿದ್ದೆಗಣ್ಣಿನಲ್ಲೂ ನುಡಿಸುತ್ತಿದ್ದರು. ಈಗ ಕೈ ತಂತಿಯ ಮೇಲಿಟ್ಟು ನಿಂತುಬಿಟ್ಟರು. ಪರೀಕ್ಷಕರು ಮತ್ತೊಂದು ಸುತ್ತು ಬಾರಿಸಿದರು. ಮಾಸ್ಟರ್ ತಲೆಯೆತ್ತಿ ಬಾಗಿಲ ಗಾಜಿನ ಕಡೆ ನೋಡಿದರು. ಯಾವ ಏಳು ಎಂದು ಕೇಳುವ ನೋಟ ಅದು. ಅವರು ಇನ್ನೊಬ್ಬರನ್ನು ಹಾಗೆ ಕೇಳಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ನಾನು ಬೆರಳು ತೋರಿಸಿದೆ. ತೋರಿಸಿದ್ದು ನಿಜ. ಮೇಲಕ್ಕೋ ಕೆಳಕ್ಕೋ ಎಂಬುದನ್ನು ಖಚಿತವಾಗಿ ಹೇಳಲಾರೆ. ಕೆಳಕ್ಕೆ ತೋರಿಸಿದೆ, ಅವರಿಗೆ ಅರ್ಥವಾಗಲಿಲ್ಲ ಎಂದು ಕೆಲವು ವರ್ಷ ನೆನಪಿಟ್ಟುಕೊಂಡಿದ್ದೆ. ಅಭ್ಯಾಸಬಲದಿಂದ ಬೆರಳು ಮೇಲಕ್ಕೆ ಹೋಯಿತು ಎಂದು ಆಮೇಲೆ ಕೆಲವು ವರ್ಷ. ಆ ಬೆತ್ತದ ಕುರ್ಚಿ ಅಷ್ಟರಲ್ಲೇ ನನ್ನ ಕಣ್ಣಿಗೂ ಬಿದ್ದಿತ್ತು ಎಂಬ ಮೂರನೆಯ ನೆನಪೂ ಇದೆ. ಅದನ್ನು ನಾನು ಹೆಚ್ಚಾಗಿ ಹೊರಗೆ ತೆಗೆಯುವುದಿಲ್ಲ.

ಮಾಸ್ಟರ್ ಸಕ್ಕರೆ ಏಳನ್ನೇ ನುಡಿಸಿದರು. ಎಫ್‌ನ ಮೇಲೆ ಅದು ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ ಕೇಳಿತು. ಅವರಿಗೂ ಕೇಳಿತು. ಮತ್ತೆ ಅದನ್ನೇ ನುಡಿಸಿದರು, ಇನ್ನೂ ಜೋರಾಗಿ. ಪರೀಕ್ಷಕರು ತಲೆ ತಗ್ಗಿಸಿ ಏನೋ ಬರೆದುಕೊಂಡರು.

ಆಮೇಲೆ ನಾನು ಒಳಗೆ ಹೋದೆ. ಅದೇ ಜಿ, ಅದೇ ಎಫ್. ಐದರ ಸುತ್ತ ಓಡಾಡಿದೆ. ಇಳಿದ ಏಳಕ್ಕೆ ಬಂದು ಅಂಗಳದಲ್ಲಿ ನಿಂತೆ. ಕಂಡಕ್ಟರಿನ ಹಾಗೆ ಒಮ್ಮೆ ಕೂಗಿ ಸುಮ್ಮನಾದೆ. ಗುಬ್ಬಿಯಲ್ಲಿ ಕೇಳಿದ್ದನ್ನು ಒಂದೂ ಬಿಡದೆ ಆ ಕೋಣೆಯಲ್ಲಿ ಸುರಿದೆ. ಪರೀಕ್ಷಕರು, “ವೆರಿ ಒರಿಜಿನಲ್” ಎಂದರು.

ಫಲಿತಾಂಶ ಅಂಚೆಯಲ್ಲಿ ಬಂತು. ನಾನು ಪಾಸು, ಅವರು ಫೇಲು. ವಾರದೊಳಗೆ ಶಾಲೆಯಿಂದ ನನಗೆ ಕರೆ ಬಂತು. ಮಾಸ್ಟರ್ ಮುಂದಿನ ಸಲ ಪಾಸು ಮಾಡುವವರೆಗೆ ಮಾತ್ರ ಎಂದುಕೊಂಡು ಹೋದೆ, ಈಗಲೂ ಹೋಗುತ್ತಿದ್ದೇನೆ. ವಿಷಯ ಹೇಳಲು ಮಂಡಿಪೇಟೆಗೆ ಹೋದಾಗ ಅವರು ಹುಡುಗನೊಬ್ಬನ ಗಿಟಾರಿಗೆ ತಂತಿ ಕಟ್ಟುತ್ತಿದ್ದರು. ತಲೆಯೆತ್ತದೆ ಕೇಳಿದರು.

“ಕುರ್ಚಿ ಹೆಂಗಿದೆ ಕಣಯ್ಯ?”

“ಒಂದು ಕಾಲು ಕುಂಟುತ್ತೆ ಮಾಸ್ಟರ್.”

“ಪೇಪರ್ ಮಡಚಿ ಕೊಡು ಅದಕ್ಕೆ. ಸರ್ಟಿಫಿಕೇಟ್ ಐತಲ್ಲ, ಗಟ್ಟಿ ಕಾಗದ ಅದು.”

ಹುಡುಗರು ನಕ್ಕರು. ನಾನೂ ನಕ್ಕೆ. ನಕ್ಕವರಲ್ಲಿ ನಾನೇ ಮೊದಲಿಗನಿರಬೇಕು.

ಅವರು ಮತ್ತೆ ಪರೀಕ್ಷೆಗೆ ಕೂರಲಿಲ್ಲ. ಎರಡು ತಿಂಗಳು ಕಷ್ಟಪಟ್ಟು ಕಲಿತ ಮೇಜರನ್ನು ಎರಡೇ ದಿನದಲ್ಲಿ ಮರೆತು ಹಳೆಯ ಮನೆಗೆ ವಾಪಸಾದರು. ಕೆಲವು ವರ್ಷಗಳಲ್ಲಿ ಮಂಡಿಪೇಟೆಯ ಕೋಣೆಯನ್ನೂ ಬಿಟ್ಟು ಕುಣಿಗಲ್ಲಿನ ಮಗಳ ಮನೆ ಸೇರಿದರು. ನಾನು ಶಾಲೆಯಲ್ಲಿ ಮಕ್ಕಳಿಗೆ ಪುಸ್ತಕದಲ್ಲಿದ್ದಂತೆ ಮೇಜರ್ ಕಲಿಸಿದೆ. ಒಬ್ಬನೂ ತಪ್ಪು ನುಡಿಸುವುದಿಲ್ಲ. ನಿಂತು ಕೇಳಬೇಕೆನಿಸುವಂತೆಯೂ ಒಬ್ಬನೂ ನುಡಿಸುವುದಿಲ್ಲ.

ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷವಾಗಿರಬೇಕು. ಕುಣಿಗಲ್ ಬಸ್ ನಿಲ್ದಾಣದಲ್ಲಿ ಸಿಕ್ಕರು. ಕೂದಲಿಗೆ ಕಪ್ಪು ಹಚ್ಚುವುದನ್ನು ಬಿಟ್ಟಿದ್ದರು. ಟೀ ಕುಡಿದೆವು. ಶಾಲೆ ಹೇಗಿದೆ ಎಂದು ಕೇಳಲಿಲ್ಲ. ನನ್ನ ಬಸ್ಸು ಹೊರಡುವ ಹೊತ್ತಿಗೆ ಧೈರ್ಯ ಮಾಡಿ ಕೇಳಿಯೇಬಿಟ್ಟೆ.

“ಮಾಸ್ಟರ್, ಅವತ್ತು ಬಾಗಿಲ ಹತ್ರ ನಾನು ಬೆರಳು ಯಾವ ಕಡೆ ತೋರಿಸ್ದೆ?”

ಅವರು ಲೋಟವನ್ನು ಗಲ್ಲಾದ ಮೇಲಿಟ್ಟು ನನ್ನನ್ನೇ ನೋಡಿದರು.

“ನೀನು ಬೆರಳು ಬೇರೆ ತೋರಿಸ್ದಾ? ನಂಗೆಲ್ಲಿ ಕಾಣ್ಬೇಕು ಕಣಯ್ಯ. ಆಗಲೇ ದೂರದ್ದು ಮಬ್ಬು. ಕನ್ನಡಕ ಮನೇಲಿ ಬಿಟ್ಟು ಬಂದಿದ್ದೆ, ನಿಂಗೆ ಹೇಳಿದ್ರೆ ಆಡ್ಕೊಂತೀಯ ಅಂತ ಹೇಳಿರ್ಲಿಲ್ಲ. ಆ ಗಾಜಿನಾಚೆ ನೀನಿದ್ದೆ ಅಂತಾನೇ ನಂಗೆ ಗೊತ್ತಿಲ್ಲ. ನಡಿ ನಡಿ, ಬಸ್ಸು ಹೊಂಟ್ತು.”

ತುಮಕೂರಿನವರೆಗೂ ಕಿಟಕಿ ಪಕ್ಕ ಕೂತು ಶಿಳ್ಳೆ ಹಾಕುತ್ತ ಬಂದೆ. ಆಮೇಲೆ ಎಷ್ಟೋ ಸಲ ಅವರ ಮುಖ ನೆನೆಸಿಕೊಂಡು ಅದಕ್ಕೊಂದು ಕನ್ನಡಕ ತೊಡಿಸಿ ನೋಡಿದ್ದೇನೆ. ಚೆನ್ನಾಗಿಯೇ ಒಪ್ಪುತ್ತಿತ್ತು. ಅವರು ಕನ್ನಡಕ ಹಾಕುತ್ತಿದ್ದುದು ನನಗೆ ನೆನಪಿದೆ ಎನ್ನುವ ಮಟ್ಟಕ್ಕೆ ಬಂದಿದ್ದೆ.

ಸಂತಾಪ ಸಭೆಗೆ ಎರಡು ದಿನ ಮುಂಚೆ ಕುಣಿಗಲ್ಲಿಗೆ ಹೋಗಿ ಅವರ ಮಗಳನ್ನು ನೋಡಿ ಬಂದೆ. ರಸ್ತೆ ಪಕ್ಕದ ಮನೆ. ಆಕೆ ಜಗಲಿಯ ಮೇಲೆ ಚಾಪೆ ಹಾಕಿ, ಟೀ ಕೊಟ್ಟು, ಕೊನೆಯ ದಿನಗಳ ಬಗ್ಗೆ ಹೇಳುತ್ತಿದ್ದಳು. ಸಾವಿನ ಮನೆಯಲ್ಲಿ ಕೇಳಬಾರದ್ದನ್ನು ನಾನು ಕೇಳಿದೆ.

“ಮಾಸ್ಟರ್ ದೂರದ ಕನ್ನಡಕ ಹಾಕ್ತಿದ್ರಲ್ಲ, ಎಷ್ಟು ವರ್ಷದಿಂದಮ್ಮಾ?”

“ಅಬ್ಬಾನಾ? ಕನ್ನಡಕನಾ?” ಆ ದುಃಖದಲ್ಲೂ ಆಕೆಗೆ ನಗು ಬಂತು. “ಇಲ್ಲಣ್ಣ, ಯಾವತ್ತೂ ಹಾಕಿಲ್ಲ. ಹತ್ರದ್ದು ಓದೋಕೆ ನಮ್ ಕೈಗೆ ಕೊಡೋರು ಅಷ್ಟೇ. ದೂರದ್ದು ಹದ್ದಿನ ಕಣ್ಣು. ಇಲ್ಲೇ ಕೂತ್ಕೊಂಡು, ಅಲ್ಲಿ ತಿರುವಿನಲ್ಲಿ ಬಸ್ಸು ಬರ್ತಿದ್ದಂಗೇ ಬೋರ್ಡ್ ಓದಿ ಹೇಳೋರು ನಮಗೆ, ಅಮೃತೂರ್ದಾ ಮಾರ್ಕೋನಹಳ್ಳೀದಾ ಅಂತ. ಹೋದ ತಿಂಗಳವರೆಗೂ. ಯಾಕಣ್ಣ?”

“ಏನಿಲ್ಲಮ್ಮ, ಸುಮ್ನೆ ಕೇಳ್ದೆ” ಎಂದೆ.